ಅಳಿವೆಯ ನೀರಿನಲ್ಲಿ ಲೋಹ, ಸಾವಯವ ಇಂಗಾಲ ಅಳೆಯುವುದು ಹೇಗೆ? ಬಾಟಲಿ ತೊಳೆಯುವುದರಿಂದ ಗ್ರಾಫ್ ಎಳೆಯುವವರೆಗೆ

‘ಅಳಿವೆಯಿಂದ ಎರಡು ಬಾಟಲಿ ನೀರು ತಂದಿದ್ದೇನೆ. ಇದರಲ್ಲಿ ಲೋಹ ಎಷ್ಟಿದೆ ಅಂತ ಎಲ್ಲಿ ನೋಡಿಸಬಹುದು?’ ಎಂ.ಎಸ್ಸಿ. ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಬಾಟಲಿ ಅಂಗಡಿಯ ಕುಡಿಯುವ ನೀರಿನದಾಗಿರುತ್ತದೆ. ನೀರು ಸೋಸಿರುವುದಿಲ್ಲ. ಹಿಡಿದ ಜಾಗದ ಉಪ್ಪಿನಂಶ ಎಲ್ಲೂ ಬರೆದಿರುವುದಿಲ್ಲ. ಬೆಳಗಿನ ಜಾವ ಎದ್ದು, ದೋಣಿ ಬಾಡಿಗೆ ಕೊಟ್ಟು ತಂದ ನೀರು ಅದು. ಅದರಿಂದ ಏನೂ ಹೇಳಲು ಆಗುವುದಿಲ್ಲ ಎಂದು ಹೇಳುವಾಗ ಬೇಸರವಾಗುತ್ತದೆ. ಇನ್ನು ಮುಂದೆ ನೀರಿಗೆ ಇಳಿಯುವ ಮೊದಲೇ ನಿಮಗೆ ತಿಳಿದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗಳು ನಮ್ಮ ಕರಾವಳಿಯವು: ಮಂಗಳೂರಿನ ನೇತ್ರಾವತಿ–ಗುರುಪುರ, ಹೊನ್ನಾವರದ ಶರಾವತಿ, ಕುಮಟಾ ಬಳಿಯ ಅಘನಾಶಿನಿ. ವಿಧಾನ ಮಾತ್ರ ಯಾವ ಅಳಿವೆಗೂ ಒಂದೇ.

ಮೊದಲು ಅಳಿವೆಯಲ್ಲಿ ಏನಾಗುತ್ತದೆ ಅಂತ ತಿಳಿಯಿರಿ

ಅಳಿವೆ ಅಂದರೆ ನದಿ ಸಮುದ್ರ ಸೇರುವ, ಸಿಹಿನೀರು ಉಪ್ಪುನೀರು ಬೆರೆಯುವ ಜಾಗ. ನದಿ ತನ್ನ ಜೊತೆ ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಸತು, ಸೀಸ, ಕ್ಯಾಡ್ಮಿಯಂ ತರುತ್ತದೆ. ಇವು ಇರುವುದು ತೀರಾ ಕಡಿಮೆ. ಒಂದು ಲೀಟರಿನಲ್ಲಿ ಮೈಕ್ರೋಗ್ರಾಂ ಲೆಕ್ಕ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕ. ಇವನ್ನೇ ಟ್ರೇಸ್ ಮೆಟಲ್ ಅನ್ನುತ್ತಾರೆ. ಇಲ್ಲಿ ನಾನು ಅಲ್ಪಲೋಹ ಎಂದು ಬರೆಯುತ್ತೇನೆ.

ನದಿಯಲ್ಲಿ ಕೊಳೆತ ಎಲೆ, ಮಣ್ಣಿನ ಸಾರವೂ ಕರಗಿ ಬರುತ್ತದೆ. ಮಳೆಗಾಲದ ಶುರುವಿನಲ್ಲಿ ಹೊಳೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗುವುದನ್ನು ನೋಡಿರುತ್ತೀರಿ, ಅಲ್ವಾ? ಆ ಬಣ್ಣದ ಹೆಚ್ಚಿನ ಪಾಲು ಹ್ಯೂಮಿಕ್ ವಸ್ತುವಿನದು. ಗಿಡಮರದ ಅವಶೇಷ ಪೂರ್ತಿ ಕೊಳೆಯದೆ ಉಳಿದ ಅಂಶ ಇದು. ಲೋಹದ ಅಣುಗಳಿಗೆ ಇದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಲೋಹವನ್ನೂ ಸಾವಯವ ವಸ್ತುವನ್ನೂ ಒಟ್ಟಿಗೆ ಅಳೆಯಬೇಕು. ಸಾವಯವ ವಸ್ತುವನ್ನು ಅಳೆಯುವುದು ಅದರಲ್ಲಿರುವ ಇಂಗಾಲದ ಲೆಕ್ಕದಲ್ಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ಅರ್ಧ ಕತೆ ಮಾತ್ರ ಸಿಗುತ್ತದೆ.

ನದಿಯ ಕಬ್ಬಿಣ ಹೆಚ್ಚಾಗಿ ಕಲಾಯ್ಡ್ ರೂಪದಲ್ಲಿರುತ್ತದೆ. ಕಲಾಯ್ಡ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣದಾದ, ತಳಕ್ಕೆ ಇಳಿಯದೆ ತೇಲುವ ಕಣ. ಈ ಕಣಗಳ ಮೇಲೆ ಹ್ಯೂಮಿಕ್ ವಸ್ತು ಹೊದ್ದಿಕೊಂಡಿರುತ್ತದೆ. ಹೀಗಾಗಿ ಎಲ್ಲದರ ಮೇಲೂ ಋಣ ವಿದ್ಯುದಂಶ ಇರುತ್ತದೆ. ಒಂದನ್ನೊಂದು ದೂರ ತಳ್ಳುತ್ತಾ ಬಿಡಿಬಿಡಿಯಾಗಿ ಉಳಿಯುತ್ತವೆ. ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದು ಸೇರಿದ ಕೂಡಲೇ ಈ ತಳ್ಳಾಟ ನಿಲ್ಲುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಹಾಲಿಗೆ ನಿಂಬೆರಸ ಬಿದ್ದರೆ ಒಡೆಯುವ ಹಾಗೆ.

1976ರಲ್ಲಿ ಶೋಲ್ಕೋವಿಟ್ಜ್ ಎಂಬ ವಿಜ್ಞಾನಿ ಸ್ಕಾಟ್ಲೆಂಡಿನ ನದಿಗಳ ನೀರಿಗೆ ಸಮುದ್ರದ ನೀರು ಬೆರೆಸಿ ಇದನ್ನು ತೋರಿಸಿದರು. ಕರಗಿದ ಕಬ್ಬಿಣದ ಬಹುಪಾಲು ಹೀಗೆ ಒಡೆದು ಹೊರಬಿತ್ತು. ಸಾವಯವ ವಸ್ತುವಿನಲ್ಲಿ ಒಡೆದದ್ದು ಸ್ವಲ್ಪ ಪಾಲು ಮಾತ್ರ. ಇನ್ನೊಂದು ಮುಖ್ಯ ಸಂಗತಿ: ಈ ಬದಲಾವಣೆಯ ಹೆಚ್ಚಿನ ಭಾಗ ಉಪ್ಪು ಇನ್ನೂ ಕಡಿಮೆ ಇರುವಾಗಲೇ ಆಗಿಹೋಗುತ್ತದೆ. ಇದನ್ನು ನೆನಪಿಡಿ, ಐದನೇ ಹಂತದಲ್ಲಿ ಬೇಕಾಗುತ್ತದೆ.

ಎಲ್ಲ ಲೋಹವೂ ಕಬ್ಬಿಣದ ಹಾಗಲ್ಲ. ಕ್ಯಾಡ್ಮಿಯಂ ನದಿಯಲ್ಲಿ ಮಣ್ಣಿನ ಕಣಕ್ಕೆ ಅಂಟಿಕೊಂಡು ಬರುತ್ತದೆ. ಉಪ್ಪುನೀರಿನ ಕ್ಲೋರೈಡ್ ಸಿಕ್ಕಿದಾಗ ಕಣವನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಹಾಗಾಗಿ ಅಳಿವೆಯ ನಡುವೆ ಕರಗಿದ ಕ್ಯಾಡ್ಮಿಯಂ ಜಾಸ್ತಿ ಕಂಡರೆ ‘ಯಾರೋ ಇಲ್ಲಿ ಸುರಿದಿದ್ದಾರೆ’ ಎಂದು ಬರೆದುಬಿಡಬೇಡಿ. ಮ್ಯಾಂಗನೀಸ್ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕಪ್ಪು ಕೆಸರಿನಿಂದ ಮೇಲೆ ಬರಬಹುದು, ಅಲ್ಲಿ ಆಮ್ಲಜನಕ ಇರುವುದಿಲ್ಲ. ತಾಮ್ರ ಸಾವಯವ ವಸ್ತುವನ್ನು ಬಿಗಿಯಾಗಿ ಹಿಡಿದುಕೊಂಡು ಕರಗಿದ ರೂಪದಲ್ಲೇ ಸಮುದ್ರದವರೆಗೂ ಹೋಗಬಲ್ಲದು.

ಹಂತ 1: ಅಳಿವೆಯನ್ನೂ ಪ್ರಶ್ನೆಯನ್ನೂ ಒಟ್ಟಿಗೆ ಆರಿಸಿ

‘ಮಾಲಿನ್ಯ ಇದೆಯೇ’ ಅನ್ನುವುದು ತುಂಬ ದೊಡ್ಡ ಪ್ರಶ್ನೆ. ‘ನದಿ ತಂದ ಕಬ್ಬಿಣದಲ್ಲಿ ಎಷ್ಟು ಪಾಲು ಸಮುದ್ರ ಮುಟ್ಟುತ್ತದೆ’ ಅನ್ನುವುದು ಅಳೆಯಬಹುದಾದ ಪ್ರಶ್ನೆ.

ಮೊದಲ ಸಲ ಮಾಡುವವರಿಗೆ ನಾನು ಅಘನಾಶಿನಿಯನ್ನೇ ಹೇಳುತ್ತೇನೆ. ಅದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಮಳೆ ಬಿದ್ದಷ್ಟು ನೀರು, ಋತುವಿನ ಪ್ರಕಾರ ಬರುತ್ತದೆ. ಪಕ್ಕದ ಶರಾವತಿಗೆ ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು ಅಣೆಕಟ್ಟು. ವಿದ್ಯುತ್ ಉತ್ಪಾದನೆಯ ಪ್ರಕಾರ ನೀರು ಬಿಡುತ್ತಾರೆ. ಬೇಸಿಗೆಯಲ್ಲೂ ಸಿಹಿನೀರು ಬರುತ್ತಿರುತ್ತದೆ, ಉಪ್ಪಿನಂಶ ತಗ್ಗುತ್ತದೆ. ಹೂಳು ಅಣೆಕಟ್ಟಿನಲ್ಲೇ ಉಳಿಯುತ್ತದೆ. ಎರಡೂ ಅಳಿವೆಗಳನ್ನು ಒಂದೇ ವಾರದಲ್ಲಿ ಅಳೆದು ಹೋಲಿಸಿದರೆ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ನೇತ್ರಾವತಿ–ಗುರುಪುರ ಕಷ್ಟದ್ದು. ಅಲ್ಲಿ ಎರಡು ನದಿಗಳು ಒಂದೇ ಬಾಯಿಯಲ್ಲಿ ಸಮುದ್ರ ಸೇರುತ್ತವೆ. ಮೀನುಗಾರಿಕೆ ಬಂದರು, ನಗರದ ಕೊಳಚೆ, ಕೈಗಾರಿಕೆ ಎಲ್ಲ ಹತ್ತಿರದಲ್ಲೇ ಇದೆ. ಬೇಸಿಗೆಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟು ನೇತ್ರಾವತಿಯ ನೀರನ್ನು ತಡೆದು ನಿಲ್ಲಿಸುತ್ತದೆ. ಅನುಭವವಾದ ಮೇಲೆ ಇಲ್ಲಿಗೆ ಬನ್ನಿ.

ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಮಂಗಳೂರಿನ ಅಳಿವೆಯಲ್ಲಿ ಕಬ್ಬಿಣ ಕಂಡ ಕೂಡಲೇ ಕೆಲವರು ಕುದುರೆಮುಖದ ಗಣಿಯತ್ತ ಬೆರಳು ತೋರಿಸುತ್ತಾರೆ. 2005ರ ಕೊನೆಯಲ್ಲಿ ನಿಂತುಹೋದ ಆ ಗಣಿ ಇದ್ದದ್ದು ಭದ್ರಾ ಕಣಿವೆಯಲ್ಲಿ. ಭದ್ರೆ ಹರಿಯುವುದು ಪೂರ್ವಕ್ಕೆ. ಕರಾವಳಿಯ ಮುರಕಲ್ಲಿನ ಕೆಂಪುಮಣ್ಣಿನಲ್ಲೇ ಬೇಕಾದಷ್ಟು ಕಬ್ಬಿಣವಿದೆ. ನದಿಯ ಜಲಾನಯನ, ಅಂದರೆ ನೀರು ಹರಿದು ಬಂದು ಸೇರುವ ಇಡೀ ಪ್ರದೇಶದ ನಕ್ಷೆಯನ್ನು ಮೊದಲು ನೋಡಿ.

ಹಂತ 2: ಲ್ಯಾಬ್ ಗೊತ್ತುಮಾಡಿಕೊಂಡ ಮೇಲೆಯೇ ನೀರು ಹಿಡಿಯಿರಿ

ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿಗೆ ಕೊಟ್ಟರೆ ವರದಿಯಲ್ಲಿ ‘ಬಿಡಿಎಲ್’ ಎಂದು ಬರುತ್ತದೆ. ಯಂತ್ರಕ್ಕೆ ಸಿಗುವ ಮಿತಿಗಿಂತ ಕಡಿಮೆ ಎಂದರ್ಥ. ಇದು ಲ್ಯಾಬಿನ ತಪ್ಪಲ್ಲ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ತಾಮ್ರದ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಅಂದರೆ 50 ಮೈಕ್ರೋಗ್ರಾಂ. ಅವರ ವಿಧಾನ ಆ ಮಟ್ಟಕ್ಕೆ ಹೊಂದಿಸಿದ್ದು. ಅಳಿವೆಯಲ್ಲಿ ತಾಮ್ರ ಸಾಮಾನ್ಯವಾಗಿ ಒಂದೆರಡು ಮೈಕ್ರೋಗ್ರಾಂ ಆಸುಪಾಸಿನಲ್ಲಿರುತ್ತದೆ.

ಲ್ಯಾಬಿಗೆ ಮೂರು ವಿಷಯ ಕೇಳಿ. ಉಪ್ಪುನೀರನ್ನು ನಿಮ್ಮ ಐಸಿಪಿ-ಎಂಎಸ್ ಎಂಬ ಲೋಹ ಅಳೆಯುವ ಯಂತ್ರದಲ್ಲಿ ಅಳೆದು ಅಭ್ಯಾಸ ಇದೆಯೇ? ಪ್ರತಿ ಲೋಹಕ್ಕೂ ನಿಮ್ಮ ಪತ್ತೆಮಿತಿ ಎಷ್ಟು? ಅಳಿವೆ ಅಥವಾ ಸಮುದ್ರ ನೀರಿನ ಪ್ರಮಾಣೀಕೃತ ಮಾದರಿಯನ್ನು ಜೊತೆಗೆ ಓಡಿಸುತ್ತೀರಾ? ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಂಥ ಮಾದರಿ ನೀರನ್ನು ತಯಾರಿಸುತ್ತದೆ. ನದಿಗೆ, ಅಳಿವೆಗೆ, ತೀರದ ಸಮುದ್ರಕ್ಕೆ ಬೇರೆ ಬೇರೆ ಇವೆ. ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಮೊದಲೇ ಗೊತ್ತಿರುವುದರಿಂದ ಯಂತ್ರ ಸರಿ ಹೇಳುತ್ತಿದೆಯೇ ಅಂತ ತಿಳಿಯುತ್ತದೆ. ಮೂರಕ್ಕೂ ಸರಿಯಾದ ಉತ್ತರ ಬರದಿದ್ದರೆ ಬೇರೆ ಲ್ಯಾಬ್ ನೋಡಿ.

ಹಂತ 3: ಬಾಟಲಿ

ಇಡೀ ಕೆಲಸ ನಿಲ್ಲುವುದೂ ಕೆಡುವುದೂ ಇಲ್ಲೇ. ನೆನಪಿಡಲು ಸುಲಭದ ಮಾತು: ಲೋಹಕ್ಕೆ ಪ್ಲಾಸ್ಟಿಕ್, ಇಂಗಾಲಕ್ಕೆ ಗಾಜು. ಗಾಜಿನಿಂದ ಲೋಹ ಇಳಿಯುತ್ತದೆ, ಲೋಹವನ್ನು ಅದು ಹೀರುತ್ತದೆ ಕೂಡ. ಪ್ಲಾಸ್ಟಿಕ್ಕಿನಿಂದ ಇಂಗಾಲ ಇಳಿಯುತ್ತದೆ. ಒಂದೇ ಬಾಟಲಿಯಲ್ಲಿ ಎರಡೂ ಕೆಲಸ ಆಗುವುದಿಲ್ಲ.

ಲೋಹಕ್ಕೆ ಪಾಲಿಥೀನ್ ಬಾಟಲಿ ತೆಗೆದುಕೊಳ್ಳಿ. ಎಲ್‌ಡಿಪಿಇ ಅಥವಾ ಹೆಚ್‌ಡಿಪಿಇ ಎಂದು ಬರೆದಿರುತ್ತದೆ. ಕುಡಿಯುವ ನೀರಿನ ಪೆಟ್ ಬಾಟಲಿ ಬೇಡ, ಅದನ್ನು ತಯಾರಿಸುವಾಗ ಆಂಟಿಮನಿ ಎಂಬ ಲೋಹವನ್ನೇ ಬಳಸಿರುತ್ತಾರೆ. ತೊಳೆಯುವ ಕ್ರಮ ಹೀಗೆ:

ಮೊದಲು ಲ್ಯಾಬಿನ ಸೋಪು ನೀರಿನಲ್ಲಿ ಒಂದು ದಿನ ನೆನೆಸಿ, ಚೆನ್ನಾಗಿ ತೊಳೆಯಿರಿ. ಆಮೇಲೆ 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕನಿಷ್ಠ ಒಂದು ವಾರ ಮುಳುಗಿಸಿಡಿ. ಮುಚ್ಚಳವನ್ನೂ ಹಾಗೇ ಮಾಡಿ. ಮುಚ್ಚಳದ ಒಳಗೆ ರಟ್ಟು ಅಥವಾ ಫಾಯಿಲಿನ ಬಿಲ್ಲೆ ಇದ್ದರೆ ಆ ಬಾಟಲಿಯನ್ನೇ ಬಿಡಿ. ಆಮೇಲೆ 18.2 ಮೆಗಾಓಮ್ ಅತಿಶುದ್ಧ ನೀರಿನಲ್ಲಿ ನಾಲ್ಕೈದು ಸಲ ಜಾಲಾಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಲದು. ಕೊನೆಗೆ ಅತಿಶುದ್ಧ ನೀರಿಗೆ ಶುದ್ಧ ಆಮ್ಲದ ಕೆಲವು ಹನಿ ಸೇರಿಸಿ ತುಂಬಿಸಿ, ಒಂದರೊಳಗೊಂದು ಎರಡು ಝಿಪ್ ಚೀಲದಲ್ಲಿಟ್ಟು ಮುಚ್ಚಿ. ಆಮ್ಲ ಕಲಸುವಾಗ ಯಾವಾಗಲೂ ನೀರಿಗೆ ಆಮ್ಲ ಹಾಕಿ. ಆಮ್ಲಕ್ಕೆ ನೀರು ಹಾಕಬೇಡಿ. ಕನ್ನಡಕ, ಕೈಗವಸು ಬೇಕೇ ಬೇಕು.

ಇಂಗಾಲಕ್ಕೆ ಕಂದು ಗಾಜಿನ ಸೀಸೆ. ಆಮ್ಲದಲ್ಲಿ ತೊಳೆದು, ಒಣಗಿಸಿ, ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಮಫಲ್ ಫರ್ನೇಸ್ ಎಂಬ ಕುಲುಮೆಯಲ್ಲಿ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕೈದು ಗಂಟೆ ಸುಡಿ. ಅಂಟಿಕೊಂಡ ಸಾವಯವ ಅಂಶವೆಲ್ಲ ಉರಿದುಹೋಗುತ್ತದೆ. ಮುಚ್ಚಳ ಸುಡಬೇಡಿ, ಕರಗುತ್ತದೆ. ಅದಕ್ಕೆ ಟೆಫ್ಲಾನ್ ಬಿಲ್ಲೆ ಇರಲಿ.

ಇಷ್ಟು ಕಟ್ಟುನಿಟ್ಟು ಬೇಕೇ ಅಂತ ಕೇಳುತ್ತಾರೆ. ಬೇಕು. ಭೂಮಿಗೆ ಸುಮಾರು 455 ಕೋಟಿ ವರ್ಷ ವಯಸ್ಸು ಎಂದು 1956ರಲ್ಲಿ ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್ಸನ್ ಅವರಿಗೆ ದೊಡ್ಡ ಅಡ್ಡಿಯಾಗಿದ್ದದ್ದು ಗಾಳಿ, ಧೂಳು, ಪಾತ್ರೆಗಳಿಂದ ಮಾದರಿಗೆ ಸೇರುತ್ತಿದ್ದ ಸೀಸ. ಅದನ್ನು ದೂರವಿಡಲು ಅವರು ಪ್ರಯೋಗಾಲಯದ ರೀತಿಯನ್ನೇ ಬದಲಿಸಿದರು. ಅದೇ ಶುಚಿ ಸಮುದ್ರದ ನೀರಿಗೂ ಬಂದ ಮೇಲೆ, 1970ರ ದಶಕದ ನಡುವಿನವರೆಗೆ ಬಂದಿದ್ದ ಸಾಗರದ ಅಲ್ಪಲೋಹದ ಅಂಕಿಗಳಲ್ಲಿ ಬಹುಪಾಲನ್ನು ಕೈಬಿಡಬೇಕಾಯಿತು. ಅವರೆಲ್ಲ ಅಳೆದದ್ದು ಹೆಚ್ಚಾಗಿ ತಮ್ಮ ಹಡಗು, ಬಾಟಲಿಗಳ ಕೊಳೆಯನ್ನು.

ಹಂತ 4: ದಿನ, ಉಬ್ಬರ, ದೋಣಿ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರಗಳ ಎತ್ತರ ಒಂದೇ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಏರಿಳಿತ ಜಾಸ್ತಿ. ಆಗ ತಳದ ಕೆಸರೂ ಏಳುತ್ತದೆ. ಅಷ್ಟಮಿಯ ಹತ್ತಿರ ನೀರು ಶಾಂತ. ಯಾವುದನ್ನಾದರೂ ಆರಿಸಿ, ಆದರೆ ಪ್ರತಿ ಸುತ್ತಿಗೂ ಅದನ್ನೇ ಇಟ್ಟುಕೊಳ್ಳಿ. ಒಂದು ಸಲ ಹುಣ್ಣಿಮೆ, ಇನ್ನೊಂದು ಸಲ ಅಷ್ಟಮಿ ಆದರೆ ಋತುವಿನ ವ್ಯತ್ಯಾಸವೋ ಉಬ್ಬರದ ವ್ಯತ್ಯಾಸವೋ ಗೊತ್ತಾಗುವುದಿಲ್ಲ. ಉಬ್ಬರದ ಸಮಯವನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುತ್ತದೆ. ಅಳಿವೆಯ ಮೀನುಗಾರರನ್ನೂ ಕೇಳಿ. ಬಾಯಿಯಲ್ಲಿ ಉಬ್ಬರವಾದ ಎಷ್ಟು ಹೊತ್ತಿಗೆ ಒಳಗೆ ನೀರು ಏರುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಮಳೆಗಾಲದಲ್ಲಿ ಅಳಿವೆಬಾಗಿಲಿಗೆ ಹೋಗಬೇಡಿ. ಮರಳದಿಬ್ಬದ ಮೇಲೆ ಅಲೆ ಒಡೆಯುವ ಜಾಗದಲ್ಲಿ ದೋಣಿ ಮಗುಚುತ್ತದೆ. ಆಗ ಸಮುದ್ರದ ಕಡೆಯ ನೀರು ಕೈಬಿಟ್ಟರೂ ಚಿಂತೆಯಿಲ್ಲ. ಹೇಗೂ ಜೋರು ಮಳೆಯಲ್ಲಿ ನದಿ ಉಪ್ಪನ್ನು ಹೊರಗೆ ತಳ್ಳಿರುತ್ತದೆ, ಬೆರೆಯುವ ಕೆಲಸ ತೀರದ ಆಚೆ ನಡೆಯುತ್ತಿರುತ್ತದೆ. ಲೈಫ್ ಜಾಕೆಟ್ ಇಲ್ಲದೆ ಯಾವ ಋತುವಿನಲ್ಲೂ ಹತ್ತಬೇಡಿ.

ಹಂತ 5: ದೂರ ನೋಡಿ ಹಿಡಿಯಬೇಡಿ, ಉಪ್ಪಿನಂಶ ನೋಡಿ ಹಿಡಿಯಿರಿ

ಬಹಳ ಜನ ‘ಪ್ರತಿ ಎರಡು ಕಿಲೋಮೀಟರಿಗೆ ಒಂದು ಮಾದರಿ’ ಎಂದು ಯೋಜನೆ ಹಾಕುತ್ತಾರೆ. ನೀರು ನಿಂತಲ್ಲಿ ನಿಲ್ಲುವುದಿಲ್ಲ. ಬೆಳಗ್ಗೆ ಸೇತುವೆ ಕೆಳಗೆ 5 ಇದ್ದ ಉಪ್ಪಿನಂಶ ಮಧ್ಯಾಹ್ನ 20 ಆಗಿರುತ್ತದೆ. ಹೋಲಿಕೆಗೆ ಸಿಗುವುದು ಜಾಗದ ಹೆಸರಲ್ಲ, ಉಪ್ಪಿನಂಶ.

ಉಪ್ಪಿನಂಶಕ್ಕೆ ಏಕಮಾನ ಬರೆಯಬೇಕಿಲ್ಲ. ನದಿ ಸುಮಾರು 0, ಸಮುದ್ರ ಸುಮಾರು 35. ವಿದ್ಯುತ್ ವಾಹಕತೆಯಿಂದ ಅಳೆಯುವ ಮೀಟರ್ ಬಳಸಿ. ಕೈಯಲ್ಲಿ ಹಿಡಿದು ನೋಡುವ ರಿಫ್ರಾಕ್ಟೋಮೀಟರ್ ಸೀಗಡಿ ಕೆರೆಗೆ ಸಾಕು, ಈ ಕೆಲಸಕ್ಕೆ ಸಾಲದು. 0ಯಿಂದ 3ರ ನಡುವಿನ ಸಣ್ಣ ವ್ಯತ್ಯಾಸ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ.

ನಾನು ಇಟ್ಟುಕೊಳ್ಳುವ ಪಟ್ಟಿ: 0, 0.5, 1, 2, 3, 5, 7, 10, 14, 18, 23, 28, 32, ಆಮೇಲೆ ಸಿಗುವ ಅತಿ ಉಪ್ಪಿನ ನೀರು. ಅರ್ಧಕ್ಕಿಂತ ಹೆಚ್ಚು ಮಾದರಿ 10ರ ಒಳಗೇ ಇರುವುದನ್ನು ಗಮನಿಸಿ. ಕಬ್ಬಿಣ ಮುದ್ದೆಯಾಗುವುದು ಅಲ್ಲೇ.

ಸಮುದ್ರದ ಕಡೆಯಿಂದ ಶುರು ಮಾಡಿ ನದಿಯ ಕಡೆಗೆ ಹೋಗಿ. ಲೋಹ ಕಡಿಮೆ ಇರುವ ನೀರು ಮೊದಲು, ಜಾಸ್ತಿ ಇರುವುದು ಆಮೇಲೆ. ಹೀಗಾದರೆ ಒಂದರಿಂದ ಇನ್ನೊಂದಕ್ಕೆ ಕೊಳೆ ದಾಟಿದರೂ ಹಾನಿ ಕಡಿಮೆ.

ಮೇಲೊಂದು ನೀರು, ಕೆಳಗೊಂದು ನೀರು ಇರಬಹುದು. ಉಪ್ಪುನೀರು ಭಾರ, ಅದು ಅಡಿಯಿಂದ ನುಗ್ಗುತ್ತದೆ. ಮೀಟರಿನ ತುದಿಯನ್ನು ಪ್ರತಿ ಜಾಗದಲ್ಲೂ ಮೇಲೆ, ಕೆಳಗೆ ಎರಡೂ ಕಡೆ ಇಳಿಸಿ ನೋಡಿ, ಬರೆದುಕೊಳ್ಳಿ.

ಹಂತ 6: ದೋಣಿಯಲ್ಲಿ ಇಬ್ಬರು, ಎರಡು ಬಗೆಯ ಕೈ

ಒಬ್ಬರದು ‘ಶುದ್ಧ ಕೈ’, ಇನ್ನೊಬ್ಬರದು ‘ಕೊಳೆ ಕೈ’. ಅಮೆರಿಕದ ಪರಿಸರ ಸಂಸ್ಥೆಯ 1669ನೇ ವಿಧಾನದಲ್ಲಿ ಈ ಕ್ರಮ ಬರೆದಿದೆ. ಕೊಳೆ ಕೈಯವರು ಹೊರಚೀಲ ತೆರೆಯುತ್ತಾರೆ, ಮೀಟರ್ ಹಿಡಿಯುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ಹಗ್ಗ ಮುಟ್ಟುತ್ತಾರೆ. ಶುದ್ಧ ಕೈಯವರು ಒಳಚೀಲ ಮತ್ತು ಬಾಟಲಿ ಬಿಟ್ಟು ಬೇರೆ ಏನನ್ನೂ ಮುಟ್ಟುವಂತಿಲ್ಲ. ಬೆವರು ಒರೆಸಿಕೊಂಡರೂ ಕೈಗವಸು ಬದಲಿಸಬೇಕು. ಹೊರಡುವ ಮೊದಲು ಅಂಗಳದಲ್ಲಿ ಬಕೆಟ್ ಇಟ್ಟುಕೊಂಡು ನಾಲ್ಕೈದು ಸಲ ಅಭ್ಯಾಸ ಮಾಡಿ.

ಕೈಗವಸು ಪೌಡರ್ ಇಲ್ಲದ್ದೇ ಆಗಲಿ. ಉಂಗುರ, ಬಳೆ, ವಾಚು ಮನೆಯಲ್ಲೇ ಬಿಡಿ. ಬಿಸಿಲಿಗೆಂದು ಹಚ್ಚುವ ಸನ್‌ಸ್ಕ್ರೀನ್ ಕ್ರೀಮುಗಳಲ್ಲಿ ಹಲವಕ್ಕೆ ಸತುವಿನ ಆಕ್ಸೈಡ್ ಹಾಕಿರುತ್ತಾರೆ. ಟೋಪಿ, ಉದ್ದ ತೋಳಿನ ಅಂಗಿ ಒಳ್ಳೆಯದು. ಸ್ಯಾನಿಟೈಸರ್ ಕೂಡ ಬೇಡ. ಅದರ ಆಲ್ಕೋಹಾಲ್ ಆವಿ ಇಂಗಾಲದ ಅಂಕಿಯನ್ನು ಕೆಡಿಸುತ್ತದೆ.

ದೋಣಿಯೂ ಲೋಹದ ಮೂಲವೇ. ಪಾಚಿ ಹತ್ತದಿರಲೆಂದು ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದೆ. ತುಕ್ಕು ಹಿಡಿಯದಿರಲೆಂದು ಎಂಜಿನ್ ಹತ್ತಿರ ಸತುವಿನ ತುಂಡು ಕಟ್ಟಿರುತ್ತಾರೆ. ಬಲೆಯ ಅಂಚಿನ ಗುಂಡು ಸೀಸದ್ದು. ಹಾಗಾಗಿ ಬಲೆ ಇಲ್ಲದ ದೋಣಿ ಕೇಳಿ. ಎಂಜಿನ್ ನಿಲ್ಲಿಸಿ, ದೋಣಿಯ ಮೂತಿ ಹರಿವಿಗೂ ಗಾಳಿಗೂ ಎದುರಾಗುವಂತೆ ತಿರುಗಿಸಿ, ಮುಂಭಾಗದಿಂದ ನೀರು ಹಿಡಿಯಿರಿ. ಬಾಟಲಿಯನ್ನು ಬಿದಿರಿನ ಗಳದ ತುದಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿ ದೂರ ಚಾಚಿದರೆ ಇನ್ನೂ ಒಳ್ಳೆಯದು. ಮೇಲಿನ ತೆಳು ಪದರ ಬಿಟ್ಟು, ಒಂದು ಮೊಳ ಕೆಳಗೆ. ಅದೇ ನೀರಿನಲ್ಲಿ ಮೂರು ಸಲ ಜಾಲಾಡಿ ಚೆಲ್ಲಿ, ನಾಲ್ಕನೆಯದನ್ನು ಇಟ್ಟುಕೊಳ್ಳಿ.

ಫೀಲ್ಡ್ ಬ್ಲ್ಯಾಂಕ್ ಮರೆಯಬೇಡಿ. ಲ್ಯಾಬಿನಿಂದಲೇ ಅತಿಶುದ್ಧ ನೀರು ಒಯ್ದು, ದೋಣಿಯಲ್ಲಿ ಅದನ್ನು ಮಾದರಿ ಬಾಟಲಿಗೆ ಸುರಿದು, ಮುಂದೆ ಮಾದರಿಗೆ ಏನೇನು ಮಾಡುತ್ತೀರೋ ಅದನ್ನೆಲ್ಲ ಅದಕ್ಕೂ ಮಾಡಿ. ಅದರಲ್ಲಿ ಸಿಕ್ಕ ಲೋಹವೆಲ್ಲ ನಿಮ್ಮ ಕೈಯಿಂದ ಬಂದದ್ದು. ಪ್ರತಿ ಪ್ರಯಾಣಕ್ಕೆ ಕನಿಷ್ಠ ಮೂರು ಬ್ಲ್ಯಾಂಕ್, ಹತ್ತಕ್ಕೊಂದು ಜೋಡಿ ಮಾದರಿ. ಬ್ಲ್ಯಾಂಕ್ ಇಲ್ಲದ ಪ್ರಬಂಧವನ್ನು ಓದುವಾಗ ನಾನು ಅಂಕಿಗಳನ್ನು ನಂಬುವುದಿಲ್ಲ. ನಿಮ್ಮ ಪರೀಕ್ಷಕರೂ ನಂಬಬಾರದು.

ಹಂತ 7: ಅದೇ ದಿನ ಸೋಸಿ

ಬಾಟಲಿಯೊಳಗೂ ಕಬ್ಬಿಣ ಮುದ್ದೆಯಾಗುತ್ತಲೇ ಇರುತ್ತದೆ. ನಾಳೆ ಸೋಸಿದರೆ ನಿನ್ನೆಯ ನೀರು ಸಿಗುವುದಿಲ್ಲ. ದಡದಲ್ಲೇ ಧೂಳಿಲ್ಲದ ಕೋಣೆ ನೋಡಿಕೊಂಡು ಕೆಲವೇ ಗಂಟೆಗಳಲ್ಲಿ ಮುಗಿಸಿ. ಅಲ್ಲಿಯವರೆಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇಡಿ. ಮಂಜುಗಡ್ಡೆ ಕರಗಿದ ನೀರು ಬಾಟಲಿ ಚೀಲದೊಳಗೆ ಹೋಗದಂತೆ ನೋಡಿಕೊಳ್ಳಿ.

ಲೋಹಕ್ಕೆ 0.45 ಅಥವಾ 0.2 ಮೈಕ್ರಾನ್ ರಂಧ್ರದ, ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಫಿಲ್ಟರ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇಂಗಾಲಕ್ಕೆ 0.7 ಮೈಕ್ರಾನಿನ ಗಾಜಿನ ನಾರಿನ ಫಿಲ್ಟರ್, ಅದನ್ನೂ 450 ಡಿಗ್ರಿಯಲ್ಲಿ ಸುಟ್ಟಿರಬೇಕು. ಎರಡಕ್ಕೂ ಮೊದಲ ಸ್ವಲ್ಪ ನೀರನ್ನು ಚೆಲ್ಲಿಬಿಡಿ. ಜೋರಾಗಿ ಒತ್ತಬೇಡಿ, ಪಾಚಿಯ ಕೋಶ ಒಡೆದು ಒಳಗಿನ ಇಂಗಾಲ ಸೋರುತ್ತದೆ.

ಫಿಲ್ಟರ್ ದಾಟಿದ್ದನ್ನೆಲ್ಲ ನಾವು ‘ಕರಗಿದ್ದು’ ಅನ್ನುತ್ತೇವೆ. ಅದು ನಮ್ಮ ಅನುಕೂಲಕ್ಕೆ ಎಳೆದ ಗೆರೆ ಅಷ್ಟೆ. ಕಲಾಯ್ಡ್ ಕಬ್ಬಿಣ ಅದನ್ನು ದಾಟುತ್ತದೆ. 0.45ರಲ್ಲಿ ಸೋಸಿದವರ ಅಂಕಿಯನ್ನೂ 0.2ರಲ್ಲಿ ಸೋಸಿದವರ ಅಂಕಿಯನ್ನೂ ಕಬ್ಬಿಣದ ವಿಷಯದಲ್ಲಿ ನೇರವಾಗಿ ಹೋಲಿಸಬೇಡಿ. ಯಾವ ರಂಧ್ರ ಅಂತ ಬರೆಯಲೇಬೇಕು.

ನೀರಿನಲ್ಲಿ ತೇಲುವ ಹೂಳಿನ ತೂಕಕ್ಕೆ, ಮೊದಲೇ ತೂಗಿದ ಬೇರೆ ಫಿಲ್ಟರ್ ಇಡಿ. ಒಣಗಿಸುವ ಮೊದಲು ಅತಿಶುದ್ಧ ನೀರು ಹನಿಸಿ ಉಪ್ಪು ತೊಳೆಯಿರಿ. ಇಲ್ಲವಾದರೆ ಹೂಳಿನ ಬದಲು ಉಪ್ಪು ತೂಗಿದ ಹಾಗಾಗುತ್ತದೆ.

ಹಂತ 8: ಆಮ್ಲ ಹಾಕಿ ಕಾದಿರಿಸಿ

ಸೋಸಿದ ಮೇಲೆಯೇ ಆಮ್ಲ. ಮೊದಲೇ ಹಾಕಿದರೆ ಹೂಳಿಗೆ ಅಂಟಿದ ಲೋಹ ಕರಗಿ ನೀರಿಗೆ ಇಳಿಯುತ್ತದೆ. ಇದು ನಾನು ಅತಿ ಹೆಚ್ಚು ಕಂಡ ತಪ್ಪು.

ಲೋಹದ ಮಾದರಿಗೆ ಅಲ್ಪಲೋಹ ದರ್ಜೆಯ ಶುದ್ಧ ಆಮ್ಲ ಹಾಕಿ, ಪಿಹೆಚ್ 2ಕ್ಕಿಂತ ಕೆಳಗೆ ತನ್ನಿ. ಸಾದಾ ಲ್ಯಾಬ್ ಆಮ್ಲದಲ್ಲೇ ಕಬ್ಬಿಣ ಇರುತ್ತದೆ. ಪಿಹೆಚ್ ನೋಡಲು ಎಲೆಕ್ಟ್ರೋಡನ್ನು ಬಾಟಲಿಗೆ ಅದ್ದಬೇಡಿ, ಸ್ವಲ್ಪ ನೀರನ್ನು ಬೇರೆಗೆ ಸುರಿದು ನೋಡಿ. ಅಳೆಯುವ ಮೊದಲು ಕೆಲವು ವಾರ ಹಾಗೇ ಬಿಡಿ, ಗೋಡೆಗೆ ಅಂಟಿದ ಲೋಹ ವಾಪಸ್ ಬರುತ್ತದೆ.

ಇಂಗಾಲದ ಮಾದರಿಗೆ ಹೈಡ್ರೋಕ್ಲೋರಿಕ್ ಅಥವಾ ಫಾಸ್ಫಾರಿಕ್ ಆಮ್ಲ, ಪಿಹೆಚ್ ಸುಮಾರು 2. ಆಮೇಲೆ 4 ಡಿಗ್ರಿಯಲ್ಲಿ, ಕತ್ತಲಲ್ಲಿ. ಬಣ್ಣ ಅಳೆಯಲು ಆಮ್ಲ ಹಾಕದ ಇನ್ನೊಂದು ಸೀಸೆ ಬೇಕು. ಆಮ್ಲ ಬಿದ್ದರೆ ಹ್ಯೂಮಿಕ್ ಅಂಶದ ಒಂದು ಪಾಲು ಹೊರಬಿದ್ದು ಬಣ್ಣ ಬದಲಾಗುತ್ತದೆ.

ಹಂತ 9: ಅಳತೆ

ಲೋಹಕ್ಕೆ ಐಸಿಪಿ-ಎಂಎಸ್. ನೀರನ್ನು ಆರ್ಗಾನ್ ಅನಿಲದ ಅತಿ ಬಿಸಿ ಜ್ವಾಲೆಗೆ ತೂರಿ, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ. ಉಪ್ಪು ಇದಕ್ಕೆ ಶತ್ರು. ತೂತು ಕಟ್ಟಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ಮೋಸ ಮಾಡುತ್ತದೆ. ಆರ್ಗಾನ್ ಮತ್ತು ಸೋಡಿಯಂ ಸೇರಿದರೆ 63 ತೂಕ, ತಾಮ್ರದ ತೂಕವೂ ಅಷ್ಟೇ. ಆರ್ಗಾನ್ ಮತ್ತು ಆಮ್ಲಜನಕ ಸೇರಿದರೆ 56, ಕಬ್ಬಿಣದ ತೂಕ. ಆರ್ಗಾನ್ ಮತ್ತು ಕ್ಲೋರಿನ್ ಸೇರಿದರೆ 75, ಆರ್ಸೆನಿಕ್ಕಿನ ತೂಕ. ನಿಮ್ಮ ಗ್ರಾಫಿನಲ್ಲಿ ತಾಮ್ರ, ಆರ್ಸೆನಿಕ್ ಎರಡೂ ಉಪ್ಪಿನ ಜೊತೆ ನೇರವಾಗಿ ಏರುತ್ತಾ ಹೋದರೆ ಮೊದಲು ಈ ಸಂಶಯ ಪಡಿ.

ನದಿಯ ಕಡೆಯ ಕಬ್ಬಿಣ, ಮ್ಯಾಂಗನೀಸ್ ಜಾಸ್ತಿ ಇರುವುದರಿಂದ ನೀರು ಬೆರೆಸಿ ತೆಳುಮಾಡಿ ಅಳೆಯಬಹುದು. ತಾಮ್ರ, ಸೀಸ, ಕ್ಯಾಡ್ಮಿಯಂಗೆ ಅದು ಆಗುವುದಿಲ್ಲ. ಲೋಹವನ್ನು ಹಿಡಿದು ಉಪ್ಪನ್ನು ಬಿಟ್ಟುಬಿಡುವ ರಾಳದ ಕೊಳವೆಯಲ್ಲಿ ನೀರು ಹರಿಸಿ, ಹಿಡಿದ ಲೋಹವನ್ನು ಸ್ವಲ್ಪ ಆಮ್ಲದಲ್ಲಿ ಇಳಿಸಿಕೊಳ್ಳಬೇಕು. ಸಾವಯವ ವಸ್ತು ಇಲ್ಲೂ ಅಡ್ಡ ಬರುತ್ತದೆ. ಹ್ಯೂಮಿಕ್‌ಗೆ ಬಿಗಿಯಾಗಿ ಅಂಟಿದ ತಾಮ್ರ ರಾಳಕ್ಕೆ ಸಿಗದೆ ಜಾರಿಹೋಗುತ್ತದೆ. ಅದಕ್ಕೆ ಮೊದಲು ಅತಿನೇರಳೆ ಬೆಳಕಿನಲ್ಲಿ ಇಟ್ಟು ಆ ಸಾವಯವ ವಸ್ತುವನ್ನು ಒಡೆಯುತ್ತಾರೆ. ಲ್ಯಾಬಿನವರು ಇದನ್ನು ಮಾಡುತ್ತಾರೆಯೇ ಎಂದು ಕೇಳಿ.

ಇಂಗಾಲಕ್ಕೆ ಟಿಓಸಿ (ಒಟ್ಟು ಸಾವಯವ ಇಂಗಾಲ) ಯಂತ್ರ. ಸುಮಾರು 680 ಡಿಗ್ರಿಯಲ್ಲಿ ಪ್ಲಾಟಿನಂ ವೇಗವರ್ಧಕದ ಮೇಲೆ ಸುಟ್ಟು, ಬಂದ ಇಂಗಾಲದ ಡೈಆಕ್ಸೈಡ್ ಅಳೆಯುತ್ತದೆ. ಇದಕ್ಕೂ ಉಪ್ಪು ಕಟ್ಟುತ್ತದೆ, ಮಧ್ಯೆ ಮಧ್ಯೆ ಶುದ್ಧ ನೀರು ಓಡಿಸಬೇಕು.

ಕಾಲೇಜಿನಲ್ಲಿ ಬರೀ ಯುವಿ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೂ ಬೇಸರ ಬೇಡ. ಕ್ವಾರ್ಟ್ಜ್ ಕುವೆಟ್ಟಿನಲ್ಲಿ, ಅಂದರೆ ನೀರು ಹಾಕುವ ಪುಟ್ಟ ಪಾತ್ರೆಯಲ್ಲಿ, 254 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಹೀರಿಕೆ ನೋಡಿ. ಒಂದು ಸೆಂಟಿಮೀಟರ್ ಕುವೆಟ್ಟಿನಲ್ಲಿ 0.12 ಬಂತು, ಇಂಗಾಲ ಲೀಟರಿಗೆ 3 ಮಿಲಿಗ್ರಾಂ ಎನ್ನಿ. 0.12ನ್ನು 100ರಿಂದ ಗುಣಿಸಿ 3ರಿಂದ ಭಾಗಿಸಿದರೆ 4. ಇದನ್ನು ಸುವಾ ಅನ್ನುತ್ತಾರೆ. 4ರ ಹತ್ತಿರ ಇದ್ದರೆ ಕಾಡು, ಮಣ್ಣಿನಿಂದ ಬಂದ ಹ್ಯೂಮಿಕ್ ಅಂಶ ಜಾಸ್ತಿ. 2ಕ್ಕಿಂತ ಕಡಿಮೆ ಇದ್ದರೆ ಪಾಚಿ, ಸೂಕ್ಷ್ಮಜೀವಿಗಳ ಪಾಲು ಹೆಚ್ಚು. ಎಚ್ಚರಿಕೆ: ಕಬ್ಬಿಣವೂ 254ರಲ್ಲಿ ಬೆಳಕು ಹೀರುತ್ತದೆ. ಕಬ್ಬಿಣದ ಅಂಕಿ ಕೈಗೆ ಬಂದ ಮೇಲೆ ಅದರ ಪಾಲಿನ ಹೀರಿಕೆಯನ್ನು ಕಳೆಯಿರಿ.

ಹಂತ 10: ಗ್ರಾಫ್ ಎಳೆಯಿರಿ

ಅಡ್ಡಗೆರೆಯಲ್ಲಿ ಉಪ್ಪಿನಂಶ, ಲಂಬಗೆರೆಯಲ್ಲಿ ಲೋಹ. ನದಿಯ ಬಿಂದುವಿನಿಂದ ಸಮುದ್ರದ ಬಿಂದುವಿಗೆ ನೇರ ಗೆರೆ ಎಳೆಯಿರಿ. ಸುಮ್ನೆ ಬೆರೆತರೆ ಎಲ್ಲ ಬಿಂದುಗಳೂ ಆ ಗೆರೆಯ ಮೇಲೆ ಬೀಳುತ್ತವೆ. ಕೆಳಗೆ ಬಿದ್ದರೆ ಲೋಹ ನೀರಿನಿಂದ ಹೊರಟುಹೋಗಿದೆ. ಮೇಲೆ ಬಿದ್ದರೆ ಎಲ್ಲಿಂದಲೋ ಸೇರಿದೆ.

ಲೆಕ್ಕಕ್ಕೆಂದು ಅಂಕಿ ಇಟ್ಟುಕೊಳ್ಳೋಣ. ನದಿಯಲ್ಲಿ ಕಬ್ಬಿಣ 100 ಮೈಕ್ರೋಗ್ರಾಂ, ಉಪ್ಪಿನಂಶ 35ರ ಸಮುದ್ರದಲ್ಲಿ 2. ಉಪ್ಪಿನಂಶ 7 ಇರುವಲ್ಲಿ ಸಮುದ್ರದ ಪಾಲು 7/35, ಅಂದರೆ ಐದರಲ್ಲೊಂದು. ಬರೀ ಬೆರೆತಿದ್ದರೆ 80 ಮತ್ತು 0.4 ಸೇರಿ 80.4 ಇರಬೇಕು. ನಿಮಗೆ ಸಿಕ್ಕಿದ್ದು 24. ಉಳಿದ 56.4, ಅಂದರೆ ಸುಮಾರು 70% ಕಬ್ಬಿಣ ಅಷ್ಟರೊಳಗೆ ಮುದ್ದೆಯಾಗಿ ಹೋಗಿದೆ. ಅದೇ ಜಾಗದಲ್ಲಿ ಇಂಗಾಲ ಗೆರೆಯ ಮೇಲೆಯೇ ಇದ್ದರೆ ಅದರ ಬಹುಪಾಲು ಮುಂದೆ ಸಾಗಿದೆ.

ಇಲ್ಲೊಂದು ದೊಡ್ಡ ಹಳ್ಳ ಇದೆ. ನೇರ ಗೆರೆ ಎಳೆಯಲು ಎರಡೇ ತುದಿ ಇರಬೇಕು, ಅವು ಬದಲಾಗದೆ ಇರಬೇಕು. ನೇತ್ರಾವತಿಯಲ್ಲಿ 60, ಗುರುಪುರದಲ್ಲಿ 140 ಇದ್ದರೆ, ಎರಡೂ ಸೇರಿದ ಮೇಲೆ ಬಿಂದುಗಳು ತಾವಾಗಿ ಗೆರೆ ಬಿಟ್ಟು ಹೋಗುತ್ತವೆ, ಯಾವ ರಾಸಾಯನಿಕ ಕ್ರಿಯೆ ಇಲ್ಲದೆಯೂ. ಮೊನ್ನೆ ಜೋರು ಮಳೆ ಬಂದಿದ್ದರೂ ಇದೇ ಗತಿ. ಅಳಿವೆಯಲ್ಲಿರುವುದು ನಾಲ್ಕೈದು ದಿನ ಹಿಂದಿನ ನದಿ, ನೀವು ಹಿಡಿದದ್ದು ಇವತ್ತಿನ ನದಿ.

ಈ ಸಂಶಯ ಪರಿಹರಿಸಲು ಲ್ಯಾಬಿನಲ್ಲೇ ಬೆರೆಸಿ ನೋಡಿ. ಶೋಲ್ಕೋವಿಟ್ಜ್ ಮಾಡಿದ್ದು ಇದನ್ನೇ. ಸೋಸಿದ ನದಿ ನೀರು, ಸೋಸಿದ ಸಮುದ್ರ ನೀರು ತಂದು ಹತ್ತು ಬಾಟಲಿಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ. ಒಂದು ದಿನ ಬಿಟ್ಟು ಮತ್ತೆ ಸೋಸಿ, ಉಳಿದ ಕಬ್ಬಿಣ ಅಳೆಯಿರಿ. ಇಲ್ಲಿ ಮಳೆಯಿಲ್ಲ, ಎರಡನೇ ನದಿಯಿಲ್ಲ, ಚರಂಡಿಯಿಲ್ಲ. ಲ್ಯಾಬಿನ ಗೆರೆಯೂ ಅಳಿವೆಯ ಗೆರೆಯೂ ಒಂದೇ ಆಕಾರದಲ್ಲಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಬೇರೆಯಾಗಿದ್ದರೆ ಹುಡುಕಬೇಕಾದ್ದು ಆ ವ್ಯತ್ಯಾಸದಲ್ಲಿದೆ. ದೋಣಿಗೆ ಹಣವಿಲ್ಲದವರು ಈ ಒಂದು ಪ್ರಯೋಗವನ್ನೇ ಚೆನ್ನಾಗಿ ಮಾಡಿದರೂ ಪ್ರಾಜೆಕ್ಟಿಗೆ ಸಾಕು.

ಯಾವಾಗ ಶುರು ಮಾಡುವುದು?

ವರ್ಷಕ್ಕೆ ಕನಿಷ್ಠ ಮೂರು ಸುತ್ತು ಬೇಕು: ಮಳೆಗಾಲದ್ದು, ಮಳೆ ನಿಂತ ಮೇಲೆ ನವೆಂಬರ್–ಡಿಸೆಂಬರಿನದು, ಏಪ್ರಿಲಿನದು. ಮೂರರ ಬಿಂದುಗಳನ್ನೂ ಒಂದೇ ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ಇಡಿ. ಮೊದಲ ಸುತ್ತಿಗೆ ಡಿಸೆಂಬರ್ ಒಳ್ಳೆಯದು. ನದಿಯಲ್ಲಿ ಇನ್ನೂ ನೀರಿರುತ್ತದೆ, ಸಮುದ್ರ ಶಾಂತ, 0ಯಿಂದ 30ರವರೆಗೆ ಎಲ್ಲ ಉಪ್ಪಿನಂಶವೂ ಒಂದೇ ದಿನದ ದೋಣಿ ಪ್ರಯಾಣದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬಾಟಲಿ ನೆನೆಹಾಕುವುದಕ್ಕೆ ನವೆಂಬರ್ ಮಧ್ಯದಲ್ಲೇ ಕೈಹಾಕಿ. ಬೇಕಾದ್ದಕ್ಕಿಂತ ಆರು ಬಾಟಲಿ ಜಾಸ್ತಿ ತೊಳೆದಿಡಿ, ದೋಣಿಯಲ್ಲಿ ಒಂದೆರಡಾದರೂ ಕೈಜಾರುತ್ತವೆ.